ಮಂಜೇಶ್ವರ, ಕಾಸರಗೋಡಿನ ಊರ ಗ್ರಂಥಾಲಯಗಳಲ್ಲಿ ಪುಸ್ತಕ ಸಲಹೆ: ಕಾದಂಬರಿಗೆ ಭೇಷ್, ಕೃಷಿಗೆ ಎಚ್ಚರ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಊರ ಗ್ರಂಥಾಲಯಗಳಲ್ಲಿ ಮಲಯಾಳಂ ಕಪಾಟುಗಳ ನಡುವೆ ಕನ್ನಡಕ್ಕೆ ಸಿಗುವ ಜಾಗ ಕಡಿಮೆ. ಹತ್ತಿರದಲ್ಲಿ ಕನ್ನಡ ಪುಸ್ತಕದಂಗಡಿಗಳೂ ವಿರಳ. ಹಾಗಾಗಿ ಇರುವ ಪುಸ್ತಕ ಸರಿಯಾದ ಕೈಗೆ ಹೋಗುವುದು ಲೈಬ್ರೇರಿಯನ್ ಕೊಡುವ ಸಲಹೆಯಿಂದಲೇ. ಈ ಸೇವೆಗೆ ದುಡ್ಡಿಲ್ಲ, ಸದಸ್ಯತ್ವ ಇದ್ದರೆ ಸಾಕು. ಆದರೆ ವಿಷಯದಿಂದ ವಿಷಯಕ್ಕೆ ಇದರ ಗುಣಮಟ್ಟ ತುಂಬ ಬದಲಾಗುತ್ತದೆ.

ಕಾದಂಬರಿ, ಕಥೆಗಳ ವಿಚಾರದಲ್ಲಿ ಸಲಹೆ ನಿಜಕ್ಕೂ ಚೆನ್ನಾಗಿದೆ. ಅನುಭವಿ ಲೈಬ್ರೇರಿಯನ್ನರು “ಯಾವ ವಿಷಯದ ಪುಸ್ತಕ ಬೇಕು?” ಎಂದು ಶುರು ಮಾಡುವುದಿಲ್ಲ. ಕೊನೆಗೆ ಓದಿ ಖುಷಿಯಾದದ್ದು ಯಾವುದು, ಅರ್ಧಕ್ಕೇ ಬಿಟ್ಟದ್ದು ಯಾವುದು, ದಿನಕ್ಕೆ ಎಷ್ಟು ಹೊತ್ತು ಓದಲು ಆಗುತ್ತದೆ ಎಂದು ವಿಚಾರಿಸುತ್ತಾರೆ. ಇವುಗಳಲ್ಲಿ ಅರ್ಧಕ್ಕೆ ಬಿಟ್ಟ ಪುಸ್ತಕವೇ ಹೆಚ್ಚು ಸುಳಿವು ಕೊಡುತ್ತದೆ: ಭಾಷೆ ಗಟ್ಟಿಯಾಯಿತೋ, ಅಕ್ಷರ ಸಣ್ಣದಾಯಿತೋ, ಕಥೆ ನಿಧಾನವಾಯಿತೋ ಗೊತ್ತಾಗುತ್ತದೆ. ಆಮೇಲೆ ಮೂರು ಪುಸ್ತಕ ಮೇಜಿನ ಮೇಲಿಡುತ್ತಾರೆ. ಒಂದು ಓದುಗರ ರುಚಿಗೆ ತೀರ ಹತ್ತಿರದ್ದು, ಇನ್ನೊಂದು ಸ್ವಲ್ಪ ಆಚೆಯದು, ಮೂರನೆಯದು ಬೇರೆಯೇ ಪ್ರಕಾರದ್ದು. ಕಾದಂಬರಿ ಓದುವವರಿಗೆ ಆತ್ಮಕಥೆ ಅಥವಾ ಪ್ರವಾಸಕಥನ, ಹೀಗೆ. ಒಂದೇ ಕೊಟ್ಟರೆ ಜನ ದಾಕ್ಷಿಣ್ಯಕ್ಕೆ ಒಯ್ಯುತ್ತಾರೆ, ಹತ್ತು ಕೊಟ್ಟರೆ ಯಾವುದನ್ನೂ ಒಯ್ಯುವುದಿಲ್ಲ. ಮೊದಲ ಎರಡು ಪುಟ ಅಲ್ಲೇ ಕೂತು ಓದಿ ನೋಡಲು ಬಿಡುವ ಕಡೆ ಪುಸ್ತಕ ಓದದೆ ಹಿಂತಿರುಗುವುದು ಕಡಿಮೆ.

ಗಡಿನಾಡಿನಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಮಲಯಾಳಂ ಓದಲು ಬರುತ್ತದೆಯೇ? ಬರುವವರಿಗೆ ಮೂಲವನ್ನೇ ಕೊಡುವುದು ಲೇಸು, ಬಾರದವರಿಗೆ ಕನ್ನಡ ಅನುವಾದ. ಕಾಸರಗೋಡಿನಲ್ಲೇ ಹುಟ್ಟಿ ಕನ್ನಡದಲ್ಲಿ ಬರೆದ, ಮಲಯಾಳಂನಿಂದ ಅನುವಾದವನ್ನೂ ಮಾಡಿದ ಸಾರಾ ಅಬೂಬಕ್ಕರ್ ಅವರ ಪುಸ್ತಕಗಳನ್ನು ಈ ಎರಡೂ ಬಗೆಯ ಓದುಗರಿಗೆ ಧೈರ್ಯವಾಗಿ ಕೊಡಬಹುದು. ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈ ಅವರ ಕೃತಿಗಳನ್ನು ಊರ ಅಭಿಮಾನದಿಂದ ಎಲ್ಲರ ಕೈಗೂ ಕೊಡುವ ರೂಢಿ ಮಾತ್ರ ಸರಿಯಲ್ಲ. ಪೈಗಳ ಕಾವ್ಯದ ಕನ್ನಡ ಹೊಸ ಓದುಗರಿಗೆ ಕಠಿಣ. ರೈಗಳ ಗದ್ಯದಿಂದ ಶುರು ಮಾಡಿಸಿದರೆ ಓದುಗ ಉಳಿಯುತ್ತಾನೆ.

ಯಕ್ಷಗಾನಕ್ಕೆ ಬಂದರೆ ಸೇವೆ ಸೋಲುತ್ತದೆ. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇದು ಬೇಸರದ ಸಂಗತಿ. ತಾಳಮದ್ದಳೆಗೆ (ವೇಷವಿಲ್ಲದೆ ಕೂತು ನಡೆಸುವ ಮಾತಿನ ಯಕ್ಷಗಾನ) ಅರ್ಥ ಹೇಳಲು ತಯಾರಾಗುವವರಿಗೆ ಬೇಕಾದದ್ದು ಪ್ರಸಂಗದ ಪದ್ಯಗಳಿರುವ ಪುಸ್ತಕ. ಅವರ ಕೈಗೆ ಬರುವುದು ವಿಮರ್ಶೆ ಅಥವಾ ಅಭಿನಂದನ ಗ್ರಂಥ. ಕಾರಣ ಜೋಡಣೆಯಲ್ಲಿದೆ. ಪುಸ್ತಕಗಳನ್ನು ವಿಷಯವಾರು ಅಂಕೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ 894.814. ಪ್ರಸಂಗವನ್ನು ನಾಟಕವೆಂದು ಎಣಿಸಿದರೆ 894.8142ಕ್ಕೆ ಹೋಗುತ್ತದೆ, ರಂಗಕಲೆಯ ಅಧ್ಯಯನ 792ರಲ್ಲಿ ಕೂರುತ್ತದೆ. ಎರಡೂ ಬೇರೆ ಬೇರೆ ಕಪಾಟು. “ಯಕ್ಷಗಾನ ಪುಸ್ತಕ” ಎಂದು ಕೇಳದೆ “ಇಂಥ ಪ್ರಸಂಗದ ಪದ್ಯ ಬೇಕು” ಎಂದೇ ಕೇಳಿ.

ಕಂಪ್ಯೂಟರ್ ಸೂಚಿ ಇರುವ ಕಡೆ ಹುಡುಕಾಟವೇ ದಾರಿ ತಪ್ಪಿಸುತ್ತದೆ. ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ತುಂಬಿರುತ್ತಾರೆ. ತೇಜಸ್ವಿ ಎಂಬ ಹೆಸರನ್ನು ಕೊನೆಗೆ ‘ವಿ’ ಹಾಕಿಯೂ ಬರೆಯಬಹುದು, ‘ಡಬ್ಲ್ಯೂ’ ಹಾಕಿಯೂ ಬರೆಯಬಹುದು. ಮಲಯಾಳಿಗಳ ರೂಢಿಯಂತೆ ಮೊದಲ ‘ಟಿ’ಗೆ ‘ಎಚ್’ ಸೇರಿಸಿಯೂ ಬರೆಯಬಹುದು. ಒಂದು ರೂಪದಲ್ಲಿ ಹುಡುಕಿ “ಇಲ್ಲ” ಎಂದರೆ ನಂಬಬೇಡಿ; ಉಳಿದ ರೂಪಗಳಲ್ಲೂ ಹುಡುಕಿಸಿ, ಇಲ್ಲವೇ ನೇರ ಕಪಾಟಿಗೆ ಹೋಗಿ.

ಕೃಷಿ ಪುಸ್ತಕಗಳ ವಿಷಯದಲ್ಲಿ ದೂರು ಗಂಭೀರ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಜಿಲ್ಲೆ ಇದು. ಆ ವಿಷವನ್ನು ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಅದಕ್ಕಿಂತ ಮುಂಚಿನ ಕೃಷಿ ಕೈಪಿಡಿಗಳಲ್ಲಿ ಕೀಟನಾಶಕವೆಂದು ಅದರ ಹೆಸರು ಇರಬಹುದು. ಅಂಥವನ್ನು ಎಚ್ಚರಿಕೆಯ ಚೀಟಿ ಇಲ್ಲದೆ ಕೊಡಲೇಬಾರದು. ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಈಗಲೂ ಚಾಲ್ತಿಯಲ್ಲಿದೆ, ಆ ಪುಟ ಹಳೆಯದಾದರೂ ಕೆಲಸಕ್ಕೆ ಬರುತ್ತದೆ. ಕೀಟನಾಶಕದ ಪುಟ ಕೆಲಸಕ್ಕೆ ಬರುವುದಿಲ್ಲ. ಕೃಷಿ, ಆರೋಗ್ಯ, ಕಾನೂನು, ಸರ್ಕಾರಿ ಕೆಲಸದ ಪಿಎಸ್‌ಸಿ ತಯಾರಿ, ಈ ನಾಲ್ಕರಲ್ಲಿ ಪುಸ್ತಕದ ಹೆಸರಿಗಿಂತ ಮೊದಲು ಮುದ್ರಣದ ವರ್ಷ ನೋಡಿ. ಮರುಮುದ್ರಣದ ವರ್ಷ ಸಾಲದು, ಪರಿಷ್ಕೃತ ಎಂದಿರಬೇಕು. ತೋಟದ ಪ್ರಶ್ನೆಗೆ ಒಳ್ಳೆಯ ಲೈಬ್ರೇರಿಯನ್ ಪುಸ್ತಕದ ಜತೆ ಕಾಸರಗೋಡಿನ ಕೇಂದ್ರ ತೋಟಬೆಳೆ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಯ ದಾರಿಯನ್ನೂ ತೋರಿಸುತ್ತಾರೆ.

ಮಕ್ಕಳ ವಿಭಾಗ ಪರವಾಗಿಲ್ಲ. ತುಳು, ಬ್ಯಾರಿ, ಮಲಯಾಳಂ, ಕೊಂಕಣಿ ಮನೆಮಾತಿನ ಮಗು ಕನ್ನಡ ಮಾಧ್ಯಮದಲ್ಲಿ ಓದುವಾಗ ತರಗತಿ ನೋಡಿ ಪುಸ್ತಕ ಕೊಟ್ಟರೆ ಎಡವುತ್ತದೆ. ಒಂದು ಪುಟ ಗಟ್ಟಿಯಾಗಿ ಓದಿಸಿ; ಐದಕ್ಕಿಂತ ಹೆಚ್ಚು ಪದಗಳಲ್ಲಿ ನಿಂತರೆ ಸುಲಭದ್ದಕ್ಕೆ ಇಳಿಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ನಾಲ್ಕು ಹಂತಗಳಲ್ಲಿ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅನುಮತಿ ಇದೆ. ಕನ್ನಡ ಮಕ್ಕಳ ಪುಸ್ತಕ ಕಡಿಮೆ ಇರುವ ಗ್ರಂಥಾಲಯಗಳು ಇದನ್ನು ಬಳಸಬೇಕು.

ಎರಡು ಸಣ್ಣ ಆಕ್ಷೇಪ. ಊರು ಚಿಕ್ಕದು, “ಇದನ್ನು ಇಂಥವರ ಮಗಳು ಓದಿದ್ದಾಳೆ” ಎಂದು ಹೆಸರು ಹೇಳಿ ಶಿಫಾರಸು ಮಾಡಬಾರದು. ಯಾರು ಏನು ಓದುತ್ತಾರೆ ಎಂಬುದು ವಿತರಣೆ ರಿಜಿಸ್ಟರಿನ ಒಳಗೇ ಇರಲಿ. ಇನ್ನು ಹೆಚ್ಚಿನ ಕಡೆ ಬಾಗಿಲು ತೆರೆಯುವುದು ಸಂಜೆಗೆ, ಶಾಲೆ ಬಿಟ್ಟ ಮಕ್ಕಳು ನುಗ್ಗುವ ಹೊತ್ತಿಗೇ. ಸಮಾಧಾನದ ಸಲಹೆ ಬೇಕಾದವರು ಆ ಗದ್ದಲ ಇಳಿದ ಮೇಲೆ ಹೋಗುವುದು ಒಳ್ಳೆಯದು.

ಕೇಳಿದ ಪುಸ್ತಕ ಇಲ್ಲದಿದ್ದರೆ ಸುಮ್ಮನೆ ಬರಬೇಡಿ. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಕಟ್ಟಡ ತೆರಿಗೆಯ ಜತೆ ರೂಪಾಯಿಗೆ 5 ಪೈಸೆ ಗ್ರಂಥಾಲಯ ಕರ ನಾವೆಲ್ಲ ಕಟ್ಟುತ್ತೇವೆ. ಕನ್ನಡ ಪುಸ್ತಕ ಕೇಳುವುದು ಹಕ್ಕು. ಗ್ರಂಥಾಲಯಗಳು ಜಿಲ್ಲಾ ಪುಸ್ತಕೋತ್ಸವದಲ್ಲಿ ಖರೀದಿ ಮಾಡುವ ಮುಂಚೆ ಬೇಕಾದ ಪುಸ್ತಕದ ಚೀಟಿ ಕೊಡಿ. ಬರೀ “ಒಳ್ಳೆಯ ಕನ್ನಡ ಪುಸ್ತಕ ತನ್ನಿ” ಎಂದರೆ ಕೆಲಸ ಆಗದು. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಬೆಲೆ ಐದನ್ನೂ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ. ಖರೀದಿ ಪಟ್ಟಿ ಮಾಡುವವರಿಗೆ ಕನ್ನಡ ಬಾರದಿದ್ದರೂ ಆಗ ಪುಸ್ತಕ ಕೈತಪ್ಪುವುದಿಲ್ಲ.