ಕ್ಷೇತ್ರಕ್ಕೂ ಪೌತಿ ಖಾತೆ: ‘ನೋ ಯುವರ್ ಕ್ಯಾಂಡಿಡೇಟ್’ ಆ್ಯಪ್ ಬಳಸಿ ನೋಡಿದೆ

ಚುನಾವಣಾ ಆಯೋಗದ ಈ ಆ್ಯಪನ್ನು 2024ರ ಲೋಕಸಭೆ ಚುನಾವಣೆ ಹೊತ್ತಿಗೆ ಫೋನಿಗೆ ಹಾಕಿಕೊಂಡೆ. ಪುಕ್ಕಟೆ. ನಮ್ಮದು ಶಿವಮೊಗ್ಗ ಕ್ಷೇತ್ರ, ಮೇ 7ಕ್ಕೆ ಮತದಾನ. ರಾಜ್ಯ, ಕ್ಷೇತ್ರ ಒತ್ತಿದರೆ ಕಣದಲ್ಲಿರುವವರ ಫೋಟೊ, ಪಕ್ಷ, ಕ್ರಿಮಿನಲ್ ಕೇಸ್ ಇದೆಯಾ ಇಲ್ವಾ ಅನ್ನೋದು ಬರುತ್ತದೆ. ಆಸ್ತಿ, ಸಾಲ, ಕೇಸು ಎಲ್ಲ ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್ ಇಳಿಸಿಕೊಂಡು ಓದಬಹುದು. ಇಷ್ಟಾದರೂ ಸುಮ್ನೆ ಸಿಕ್ಕಿದ್ದಲ್ಲ, 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಭ್ಯರ್ಥಿಗಳು ಬಾಯಿ ಬಿಟ್ಟಿದ್ದು. ಅದಕ್ಕೆ ಎರಡು ಸ್ಟಾರ್ ಮೊದಲೇ ಕೊಟ್ಟುಬಿಡುತ್ತೇನೆ.

ತೊಂದರೆ ಏನಂದರೆ ಅಫಿಡವಿಟ್ಟೆಲ್ಲ ಸ್ಕ್ಯಾನ್ ಮಾಡಿದ ಕಾಗದ. ಯಾವುದೋ ಪುಟ ಓರೆ, ಇನ್ಯಾವುದೋ ಪುಟದಲ್ಲಿ ನೋಟರಿ ಸೀಲು ಸರಿಯಾಗಿ ಅಂಕಿಯ ಮೇಲೇ ಕೂತಿರುತ್ತದೆ. ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಕಣ್ಣು ಉರಿ.

ನಾನು ಓದುತ್ತಿರುವಾಗ ಅಮ್ಮ ಪಕ್ಕದಲ್ಲಿ ಅಡಕೆ ಆರಿಸುತ್ತಾ ಕೂತಿದ್ದಳು. ‘ಯಾರ್ಯಾರೋ ನಿಂತಿರೋದು?’ ಅಂದಳು. ಬಿ.ವೈ. ರಾಘವೇಂದ್ರ, ಯಡಿಯೂರಪ್ಪನವರ ಮಗ. ಗೀತಾ ಶಿವರಾಜ್‌ಕುಮಾರ್, ಬಂಗಾರಪ್ಪನವರ ಮಗಳು. ಮೂರನೆಯವರು ಈಶ್ವರಪ್ಪ, ತಮ್ಮ ಮಗನಿಗೆ ಹಾವೇರಿ ಟಿಕೆಟ್ ತಪ್ಪಿತು ಅಂತ ಮುನಿಸಿಕೊಂಡು ಪಕ್ಷೇತರರಾಗಿ ನಿಂತವರು, ಭಾಷಣ ಮಾತ್ರ ಕುಟುಂಬ ರಾಜಕಾರಣದ ವಿರುದ್ಧ! ‘ಅದೇ ಮನೆಗಳು ಅಲ್ವೇನೋ, ಇದಕ್ಕೆ ಆ್ಯಪ್ ಯಾಕೆ ಬೇಕಿತ್ತು’ ಅಂತ ಅಮ್ಮ ಮತ್ತೆ ಅಡಕೆಗೆ ಕೈ ಹಾಕಿದಳು.

ಅವಳು ಹೇಳಿದ್ದು ನಿಜ. 2009ರಲ್ಲಿ ರಾಘವೇಂದ್ರ ಎದುರು ಬಂಗಾರಪ್ಪ. 2014ರಲ್ಲಿ ಯಡಿಯೂರಪ್ಪನವರೇ ನಿಂತರು, ಎದುರಿಗಿದ್ದವರಲ್ಲಿ ಗೀತಾ ಒಬ್ಬರು. 2018ರ ಉಪಚುನಾವಣೆ ಮತ್ತು 2019ರಲ್ಲಿ ರಾಘವೇಂದ್ರ ಎದುರು ಮಧು ಬಂಗಾರಪ್ಪ. ನಮ್ಮ ಜಿಲ್ಲೆಯ ಸೊರಬ ವಿಧಾನಸಭಾ ಕ್ಷೇತ್ರದ ಕಥೆಯಂತೂ ಇನ್ನೂ ಚೆನ್ನಾಗಿದೆ: 2013, 2018, 2023, ಮೂರು ಸಲವೂ ಬಂಗಾರಪ್ಪನವರ ಮಕ್ಕಳಾದ ಕುಮಾರ್ ಮತ್ತು ಮಧು, ಅಣ್ಣ ತಮ್ಮಂದಿರದ್ದೇ ಜಿದ್ದು. ಪಕ್ಷ ಬದಲಾಗುತ್ತದೆ, ಮನೆ ಬದಲಾಗಲ್ಲ. ಗೆದ್ದವರು ಜನರ ಓಟಿನಿಂದಲೇ ಗೆದ್ದರು, ಅದರಲ್ಲಿ ನನ್ನ ತಕರಾರಿಲ್ಲ, ಆದರೆ ಓಟು ಹಾಕುವ ಮೊದಲೇ ಆಯ್ಕೆ ಮುಗಿದಿರುತ್ತದಲ್ಲ, ಅದು ನನಗೆ ಹಿಡಿಸಲ್ಲ. ನಮ್ಮ ಜಿಲ್ಲೆ ಒಂದೇ ಅಂತಲೂ ಅಲ್ಲ. ಅದೇ ಚುನಾವಣೆಯಲ್ಲಿ ಚಿಕ್ಕೋಡಿ, ಬೆಳಗಾವಿ, ಬೀದರ್, ಬಾಗಲಕೋಟೆ, ಚಾಮರಾಜನಗರದಲ್ಲಿ ಕಾಂಗ್ರೆಸ್ ಟಿಕೆಟ್ ಹೋಗಿದ್ದು ಮಂತ್ರಿಗಳ ಮಕ್ಕಳಿಗೆ. ಹಾಸನದಲ್ಲಿ ದೇವೇಗೌಡರ ಮೊಮ್ಮಗ ಒಂದು ಕಡೆ, ಮಾಜಿ ಸಂಸದ ಪುಟ್ಟಸ್ವಾಮಿಗೌಡರ ಮೊಮ್ಮಗ ಇನ್ನೊಂದು ಕಡೆ.

ಈಗ ಅಫಿಡವಿಟ್ಟಿಗೆ ಬರುತ್ತೇನೆ, ಯಾಕಂದರೆ ತೂತು ಇರುವುದು ಅಲ್ಲಿ. ಅದರ ಹೆಸರು ನಮೂನೆ 26. ಅಭ್ಯರ್ಥಿ, ಗಂಡ ಅಥವಾ ಹೆಂಡತಿ, ಅವಿಭಕ್ತ ಕುಟುಂಬ, ಆಮೇಲೆ ಅವಲಂಬಿತರು, ಇವರ ಆಸ್ತಿ ಮಾತ್ರ ತೋರಿಸಬೇಕು. ಮಗ ದೊಡ್ಡವನಾಗಿ ತನ್ನದೇ ಕಂಪನಿ ಇಟ್ಟುಕೊಂಡ ಅಂದರೆ ಅವನು ಅವಲಂಬಿತ ಅಲ್ಲ, ಅಪ್ಪನ ಕಾಗದದಿಂದ ಮಾಯ! ಮತ್ತೆ ಕಾಣಿಸಿಕೊಳ್ಳುವುದು ಅವನೇ ಚುನಾವಣೆಗೆ ನಿಂತಾಗ. ನಡುವಿನ ವರ್ಷಗಳಲ್ಲಿ ಏನೇನಾಯಿತು ಅನ್ನೋದು ಓಟು ಹಾಕುವವನಿಗೆ ಗೊತ್ತಾಗಲ್ಲ.

ಈ ಕಾಗದ ಓದುವಾಗ ನನ್ನದೇ ಪೌತಿ ಖಾತೆ ನೆನಪಾಗಿ ಹೊಟ್ಟೆ ಉರಿಯಿತು. ಅಪ್ಪ ತೀರಿಕೊಂಡ ಮೇಲೆ ಎರಡು ಎಕರೆ ಅಡಕೆ ತೋಟ ನಮ್ಮ ಹೆಸರಿಗೆ ಮಾಡಿಸೋಕೆ ಎಂಟು ತಿಂಗಳು ಅಲೆದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಇತ್ತು. ಕಡೆಗೆ ಬ್ರೋಕರ್ ಕೈಗೆ 15 ಸಾವಿರ ಇಟ್ಟೆ, ಎರಡೇ ವಾರಕ್ಕೆ ಆಯಿತು. ಕೊಡಬಾರದಿತ್ತು, ಕೊಟ್ಟೆ. ‘ಆಫೀಸಿನವರೂ ಈ ಜಾಗಕ್ಕೆ ದುಡ್ಡು ಕೊಟ್ಟೇ ಬಂದಿರೋದು ಮಾರಾಯ, ಎಲ್ಲಿಂದ ತರ್ತಾರೆ’ ಅಂತ ಆತ ನನಗೇ ಸಮಾಧಾನ ಹೇಳಿದ. ಅಪ್ಪನ ತೋಟ ಮಗನಿಗೆ ಬರೋಕೆ ಇಷ್ಟು ಗೋಳು, ಅಪ್ಪನ ಕ್ಷೇತ್ರ ಮಗನಿಗೆ ಒಂದೇ ರಾತ್ರಿಯಲ್ಲಿ ಖಾತೆ ಆಗುತ್ತದೆ.

ಲಂಚ, ಕುಟುಂಬ ರಾಜಕಾರಣ, ಇವೆರಡು ಬೇರೆ ಬೇರೆ ರೋಗ ಅಂತ ನನಗೆ ಅನಿಸಲ್ಲ. ಲೋಕಸಭೆ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ. ಮಿತಿಯೇ ಇಷ್ಟು ಅಂದಮೇಲೆ ಇಪ್ಪತ್ತು ವರ್ಷ ಪೋಸ್ಟರ್ ಅಂಟಿಸಿದ ಕಾರ್ಯಕರ್ತ ಎಲ್ಲಿಂದ ತರುತ್ತಾನೆ? 2023ರಲ್ಲಿ ಗೆದ್ದ ನಮ್ಮ ಶಾಸಕರ ಪೈಕಿ 223 ಮಂದಿಯ ಅಫಿಡವಿಟ್ ಲೆಕ್ಕ ಹಾಕಿದ, ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಸಂಸ್ಥೆ, 217 ಜನ ಕೋಟ್ಯಧಿಪತಿಗಳು ಅಂತ ಹೇಳಿತು. ಆ ಕಾರ್ಯಕರ್ತ ಮೇಲೆ ಬರಬಹುದಾದ ಏಣಿ ಅಂದರೆ ತಾಲ್ಲೂಕು, ಜಿಲ್ಲಾ ಪಂಚಾಯ್ತಿ. ಅದಕ್ಕೆ ಚುನಾವಣೆ ನಡೆದದ್ದು 2016ರಲ್ಲಿ, ಅವಧಿ 2021ಕ್ಕೆ ಮುಗಿಯಿತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಟ್ಟಲೆ ಎಳೆದರು. ಏಣಿ ತೆಗೆದಿಟ್ಟರೆ ಮಾಳಿಗೆ ಮೇಲೆ ಹುಟ್ಟಿದವರೇ ಅಲ್ಲಿ ಇರುತ್ತಾರೆ. ಮುಂದೆ ಕುರ್ಚಿಗೆ ಬರುವವನೂ ಮಗನೇ ಆದರೆ ಹಿಂದಿನವರ ಲೆಕ್ಕ ತೆಗೆಯುವವರು ಯಾರು? ನನ್ನ 15 ಸಾವಿರದ ಬಗ್ಗೆ ಯಾರ ಹತ್ತಿರ ಹೇಳಲಿ?

ಆ್ಯಪಿಗೆ ಒಟ್ಟು ಮೂರು ಸ್ಟಾರ್. ಹಾಕಿಕೊಳ್ಳುವವರಿಗೆ ಒಂದು ಮಾತು: ಆಸ್ತಿ ಪುಟಕ್ಕಿಂತ ಮೊದಲು ಸಾಲದ ಪುಟ ಓದಿ. ಯಾರು ಯಾರಿಗೆ ಸಾಲ ಕೊಟ್ಟಿದ್ದಾರೆ ಅಂತ ನೋಡಿದರೆ ಇಡೀ ಮನೆಯ ವಂಶವೃಕ್ಷ ಅಲ್ಲೇ ಸಿಗುತ್ತದೆ, ಅದೂ ಬ್ರೋಕರ್ ಇಲ್ಲದೆ.