ಗಂಟೆ ಲೆಕ್ಕದ ಕುದುರೆ: ನಾಲ್ಕು ಬೇಸಿಗೆ ಬಳಸಿದ ಮೇಲೆ

ಹಗ್ಗದ ವಿಷಯ ಮೊದಲು ಹೇಳಿಬಿಡಬೇಕು. ಕೊಡಗಿನ ಸುಂಟಿಕೊಪ್ಪ, ಸಿದ್ದಾಪುರದ ನಡುವಿನ ಕಾಫಿ ತೋಟವೊಂದರಲ್ಲಿ ಗಂಟೆ ಲೆಕ್ಕದಲ್ಲಿ ಸವಾರಿಗೆ ಕುದುರೆ ಕೊಡುವ ಈ ಲಾಯದವರ ಕಣ್ಣಿಗೆ ಬಂದವರೆಲ್ಲ ಹೊಸಬರೇ. ಟ್ರಾಟ್‌ನಲ್ಲಿ (ಕುಲುಕು ಓಟದಲ್ಲಿ) ತಾಳಕ್ಕೆ ಎದ್ದು ಕೂರಲು ಬರುತ್ತದೆ, ಅದಕ್ಕಿಂತ ವೇಗದ ಕ್ಯಾಂಟರ್ ಓಟವೂ ಅಭ್ಯಾಸವಿದೆ, ಸಣ್ಣ ಅಡ್ಡಪಟ್ಟಿ ಹಾರಿಸಿ ಗೊತ್ತು ಎಂದು ಫೋನಿನಲ್ಲಿ ಎಷ್ಟು ಸಲ ಹೇಳಿದರೂ ಅಷ್ಟೆ. ಹೋಗಿ ನಿಂತರೆ ಕಡಿವಾಣಕ್ಕೆ ಹಗ್ಗ ಕಟ್ಟಿಕೊಂಡು ಕುದುರೆ ನೋಡಿಕೊಳ್ಳುವ ಸೈಸ್ ಮುಂದೆ ನಡೆಯತೊಡಗುತ್ತಾನೆ. ಗಂಟೆಗೆ 1,200 ರೂಪಾಯಿ. ಕುದುರೆ ಹತ್ತಿ, ಕಾಲಿಡುವ ರಿಕಾಪು ಸರಿಮಾಡಿಕೊಳ್ಳಲು ಹತ್ತು ನಿಮಿಷ, ಫೋಟೊಗೆ ಐದು ನಿಮಿಷ, ಉಳಿದದ್ದೆಲ್ಲ ಮುಂದಿನ ಕುದುರೆಯ ಬಾಲ ನೋಡಿಕೊಂಡು ನಡಿಗೆ. ಕೆರೆವರೆಗೆ ಹೋಗಿ ಬರಲು ಕುದುರೆಯೇ ಬೇಕೆಂದಿಲ್ಲ.

ಹಾಗಂತ ಇಲ್ಲಿ ಸ್ವಂತ ಕುದುರೆ ಸಾಕುವುದು ಸುಲಭದ ಮಾತಲ್ಲ. 450 ಕಿಲೊ ತೂಗುವ ಕುದುರೆಗೆ ದಿನಕ್ಕೆ ಸುಮಾರು ಒಂಬತ್ತು ಕಿಲೊ ಒಣಮೇವು ಬೇಕು. ಗದ್ದೆಯ ಭತ್ತದ ಹುಲ್ಲಿನಿಂದ ಹೊಟ್ಟೆ ತುಂಬೀತು, ಮೈ ಹಿಡಿಯದು. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಕಟ್ಟುವವರನ್ನು ಕರೆಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಾಯದ ನೆಲ ಆರುವುದೇ ಇಲ್ಲ. ಗೊರಸಿನಡಿಯ ಮೆತ್ತನೆಯ ಭಾಗ ಕಪ್ಪಾಗಿ ಕೊಳೆತು ನಾರುತ್ತದೆ. ತಿಂಗಳಿಗೆ ನಾಲ್ಕು ಸಲ ಏರುವವರಿಗೆ ಬಾಡಿಗೆ ಕುದುರೆಯೇ ಸರಿ. ಹಗ್ಗ ಬಿಡಿಸಿಕೊಳ್ಳುವುದು ಹೇಗೆ ಅನ್ನುವುದಷ್ಟೇ ತಕರಾರು.

ಮೊದಲನೆಯದಾಗಿ, ಶನಿವಾರ ಭಾನುವಾರ ಬೇಡವೇ ಬೇಡ. ಆ ದಿನ ಮಧ್ಯಾಹ್ನದ ಹೊತ್ತಿಗೆ ಒಂದೊಂದು ಕುದುರೆಯೂ ನಾಲ್ಕೈದು ಜನರನ್ನು ಹೊತ್ತು ಬಾಯಿ ಜಡ್ಡುಗಟ್ಟಿಸಿಕೊಂಡಿರುತ್ತದೆ. ಕಾಲು ಒತ್ತಿದರೆ ಕಿವಿಯೂ ಅಲುಗದು. ಸೋಮವಾರ ಅವಕ್ಕೆ ರಜೆ. ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ ಕೇಳಿ. ತೋಟದ ಸುತ್ತು ಕೇಳುವ ಬದಲು ‘ಮೊದಲು ಬೇಲಿಯೊಳಗೆ ಹದಿನೈದು ನಿಮಿಷ ನೋಡಿ, ಆಮೇಲೆ ನೀವೇ ಹೇಳಿ’ ಅನ್ನಿ. ಅಲ್ಲಿ ಅವರು ನೋಡುವುದು ವೇಗವನ್ನಲ್ಲ. ನಡಿಗೆಯಿಂದ ನಿಲ್ಲಿಸುವಾಗ ಲಗಾಮು ಜಗ್ಗುತ್ತೀರೋ, ಬೆನ್ನು ನೆಟ್ಟಗೆ ಮಾಡಿ ಆಳವಾಗಿ ಕೂತು ನಿಲ್ಲಿಸುತ್ತೀರೋ. ವೃತ್ತದಲ್ಲಿ ಟ್ರಾಟ್ ಮಾಡುವಾಗ ಹೊರಗಿನ ಭುಜ ಮುಂದೆ ಹೋದಂತೆ ಏಳುತ್ತೀರೋ ಇಲ್ಲವೋ. ರಿಕಾಪು ಬಿಟ್ಟು ಎರಡು ಸುತ್ತು ಕೂರಬಲ್ಲಿರೋ. ಇಷ್ಟು ಕಂಡರೆ ಹಗ್ಗ ಬಿಚ್ಚುತ್ತಾರೆ. ಈ ಸೌಲಭ್ಯ ಇದೆಯೆಂದು ಅವರ ಬೋರ್ಡಿನಲ್ಲಿಲ್ಲ, ಫೋನಿನಲ್ಲಿ ಹೇಳುವುದಿಲ್ಲ. ಎರಡು ಬೇಸಿಗೆ ಸುಮ್ಮನೆ ಹೋಯಿತು. ಒಂದು ಸ್ಟಾರ್ ಕಡಿದದ್ದು ಇದಕ್ಕೇ.

ಹಗ್ಗ ಬಿಚ್ಚಿದ ಮೇಲೆ ಸಿಗುವುದು ಹೆಚ್ಚಾಗಿ ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್ ತಳಿಯ ಕುದುರೆ. ಪಳಗಿದ ಸವಾರರೇ ಇಲ್ಲಿ ಎಡವುವುದು. ಲಗಾಮು ಬಿಗಿಯಾದರೆ ಅದಕ್ಕೆ ಆನಿಕೊಂಡು ಓಡುವುದನ್ನೇ ಅದು ಕಲಿತಿರುತ್ತದೆ. ಹೆದರಿ ಎರಡೂ ಕೈಯಲ್ಲಿ ಎಳೆದಷ್ಟೂ ವೇಗ ಏರುತ್ತದೆ. ಒಂದು ಕ್ಷಣ ಹಿಡಿದು, ಸಡಿಲಿಸಿ, ಮತ್ತೆ ಹಿಡಿಯಬೇಕು. ಕೇಳದಿದ್ದರೆ ಜಾಗ ನೋಡಿ ದೊಡ್ಡ ವೃತ್ತಕ್ಕೆ ತಿರುಗಿಸಬೇಕು. ಕಾಫಿ ಸಾಲುಗಳ ನಡುವೆ ವೃತ್ತಕ್ಕೆ ಜಾಗವೆಲ್ಲಿ?

ಅದಕ್ಕೇ, ಸಿಟ್ಟು ಇಳಿದ ಮೇಲೆ, ಹಗ್ಗ ಕಟ್ಟುವವರ ಭಯವೂ ಅರ್ಥವಾಗುತ್ತದೆ. ತೋಟದ ರಸ್ತೆಯಲ್ಲಿ ಒಂದೇ ಮಟ್ಟದ ನೆಲ ಇನ್ನೂರು ಮೀಟರ್ ಸಿಕ್ಕರೆ ಹೆಚ್ಚು. ಜಂಬಿಟ್ಟಿಗೆ ಹರಳಿನ ಇಳಿಜಾರಲ್ಲಿ ಲಾಳ ಜಾರುತ್ತದೆ. ಜನವರಿಯಿಂದ ರೋಬಸ್ಟಾ ಕಾಫಿ ಕುಯ್ಲು. ಗಿಡದ ಬುಡದಲ್ಲಿ ಹಾಸಿದ ನೀಲಿ ಪ್ಲಾಸ್ಟಿಕ್ ಗಾಳಿಗೆ ಪಟಪಟ ಅಂದರೆ ಕುದುರೆ ಮೂರು ಹೆಜ್ಜೆ ಪಕ್ಕಕ್ಕೆ ಹಾರುತ್ತದೆ. ಫೆಬ್ರವರಿಯಲ್ಲಿ ಹೂವಿಗೆಂದು ಸ್ಪ್ರಿಂಕ್ಲರ್ ಹಚ್ಚುತ್ತಾರೆ. ತಿರುಗಿ ಬಂದ ನೀರಿನ ಚಾಟಿ ಮುಖಕ್ಕೆ ಬಡಿದರೆ ಎಂಥ ಸಾಧು ಕುದುರೆಯೂ ಹಿಮ್ಮೆಟ್ಟುತ್ತದೆ. ಯಾವ ಬ್ಲಾಕಿನಲ್ಲಿ ಇವತ್ತು ನೀರು, ಎಲ್ಲಿ ಕುಯ್ಲು ಎಂದು ತೋಟದ ಲೆಕ್ಕ ನೋಡುವ ರೈಟರ್‌ನ ಹತ್ತಿರ ಕೇಳಿಕೊಂಡೇ ಹೊರಡಬೇಕು. ರಾತ್ರಿ ಆನೆ ಯಾವ ಕಡೆ ದಾಟಿತು ಅನ್ನುವುದು ಲೈನ್ ಮನೆಯ ಕಾರ್ಮಿಕರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಏಳು ಗಂಟೆಗೆ ಮೊದಲೂ ಬೇಡ, ಸಂಜೆ ಐದರ ಮೇಲೂ ಬೇಡ. ಆನೆಯ ಹಸಿ ಲದ್ದಿ ಕಂಡರೆ ಅಲ್ಲಿಂದಲೇ ವಾಪಸ್ಸು, ದುಡ್ಡು ಹೋದರೆ ಹೋಗಲಿ.

ಇಷ್ಟೆಲ್ಲ ರಗಳೆಯ ನಡುವೆ ಮತ್ತೆ ಮತ್ತೆ ಹೋಗುವುದು ಗದ್ದೆಗಾಗಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಭತ್ತದ ಕುಯ್ಲು ಮುಗಿದ ಮೇಲೆ, ಜನವರಿ ನಡುವಿನಿಂದ ಫೆಬ್ರವರಿ ಕೊನೆವರೆಗೆ, ತೋಟದ ಕೆಳಗಿನ ಗದ್ದೆಬಯಲು ಒಣಗಿ ಬರೀ ಕೂಳೆ ನಿಂತಿರುತ್ತದೆ. ಕೊಡಗಿನಲ್ಲಿ ಕುದುರೆಯನ್ನು ಬಿಟ್ಟು ಓಡಿಸಲು ಇದಕ್ಕಿಂತ ಒಳ್ಳೆಯ ನೆಲವಿಲ್ಲ. ಕೂಳೆ ಗೊರಸಿಗೆ ಮೆತ್ತಗೆ ಸಿಗುತ್ತದೆ, ಸದ್ದು ಕಮ್ಮಿ, ಎದುರಿಗೆ ಮಂಜು ಏಳುತ್ತಿರುತ್ತದೆ. ಒಂದೊಂದು ಬದುವೂ ಒಂದಡಿ, ಒಂದೂವರೆ ಅಡಿ. ನೇರವಾಗಿ, ಒಂದೇ ಲಯದಲ್ಲಿ ಬಂದರೆ ಕುದುರೆ ತಾನಾಗಿ ಹಾರಿ ದಾಟುತ್ತದೆ. ಓರೆಯಾಗಿ ಬಂದರೆ ಹಿಂಗಾಲು ಬದುವಿಗೆ ತಾಗಿ ಮಣ್ಣು ಕುಸಿಯುತ್ತದೆ. ಮಾಲೀಕರ ಒಪ್ಪಿಗೆ ಮೊದಲೇ ಬೇಕು, ಕುಸಿದ ಬದು ಕಟ್ಟಿಸಿಕೊಡುವ ಮಾತೂ ಸೇರಿ. ಓಡಿಸುವ ಮುನ್ನ ಇಡೀ ದಾರಿಯನ್ನು ಒಮ್ಮೆ ನಡೆಸಿಕೊಂಡೇ ಹೋಗಿ: ಬದುವಿನ ಪಕ್ಕ ಏಡಿ ಬಿಲ, ತಗ್ಗಿನಲ್ಲಿ ಇನ್ನೂ ಆರದ ಕೆಸರು. ಮಾರ್ಚ್ ಬಂತೆಂದರೆ ಜೇಡಿಮಣ್ಣು ಬಿರಿದು ಗೊರಸಿನ ಅಂಚು ಸಿಕ್ಕಿಕೊಳ್ಳುವಷ್ಟು ಬಾಯಿಬಿಡುತ್ತದೆ, ಅಲ್ಲಿಗೆ ಮುಗಿಯಿತು. ಶುಂಠಿ ಹಾಕಿದ್ದ ಗದ್ದೆಗೆ ಮಾತ್ರ ಇಳಿಯಲೇಬೇಡಿ, ಏರುಮಡಿಯಲ್ಲಿ ಕಾಲು ಉಳುಕುತ್ತದೆ.

ಸಣ್ಣ ಖುಷಿ ಇನ್ನೊಂದು, ಜೀನು ಹಾಕುವುದು. ಹತ್ತು ಬೆಳಗಿನ ಸವಾರಿಗೆ ಒಟ್ಟಿಗೆ ಮುಂಗಡ ಕೊಟ್ಟವರಿಗೆ ಆ ಕೆಲಸ ಬಿಟ್ಟುಕೊಡುತ್ತಾರೆ. ಎಡ ಹೆಗಲಿಂದ ಶುರುಮಾಡಿ ಬ್ರಷ್, ನಾಲ್ಕೂ ಗೊರಸಿನಿಂದ ಹರಳು ಕೆದಕುವುದು, ಬೆನ್ನ ಬಟ್ಟೆಯನ್ನು ಸ್ವಲ್ಪ ಮುಂದಿಟ್ಟು ಕೂದಲು ಮಲಗಿದ ಕಡೆಗೆ ಹಿಂದೆ ಸರಿಸುವುದು. ಹೊಟ್ಟೆಪಟ್ಟಿ ಬಿಗಿಯುವಾಗ ಕುದುರೆ ಉಸಿರು ತುಂಬಿ ಉಬ್ಬಿಕೊಳ್ಳುತ್ತದೆ, ಕಳ್ಳ! ಐದು ನಿಮಿಷ ನಡೆಸಿ ಮತ್ತೊಂದು ತೂತು ಏರಿಸಿ. ಬೆರಳೆರಡು ಹಿಡಿಸುವಷ್ಟು ಸಡಿಲ ಸಾಕು. ಕೂತ ಮೇಲೂ ಜೀನಿನ ಮುಂದಿನ ಕಮಾನಿಗೂ ಹೆಗಲ ಮೂಳೆಗೂ ನಡುವೆ ಎರಡು ಬೆರಳು ತೂರದಿದ್ದರೆ ಆ ಜೀನು ಬೇಡ, ಗಾಯವಾಗುತ್ತದೆ. ಇಲ್ಲಿ ಆರು ಜೀನುಗಳಿವೆ, ಸರಿಯಾಗಿ ಕೂರುವುದು ಎರಡೇ. ರಿಕಾಪಿನ ಚರ್ಮದ ಪಟ್ಟಿಗಳಂತೂ ಎಳೆದು ಎಳೆದು ಎಡಬಲ ಒಂದು ತೂತಿನಷ್ಟು ವ್ಯತ್ಯಾಸ. ಒಂದು ಜೊತೆ ಪಟ್ಟಿ, ಸ್ವಂತ ಹೆಲ್ಮೆಟ್ ಜೀಪಿನಲ್ಲಿ ಇಟ್ಟುಕೊಳ್ಳುವುದು ವಾಸಿ. ಗಂಬೂಟು ಜಿಗಣೆಗೆ ಒಳ್ಳೆಯದಿರಬಹುದು, ಅಗಲ ಅಡಿ ರಿಕಾಪಿನಲ್ಲಿ ಸಿಕ್ಕಿಕೊಂಡರೆ ಬಿದ್ದಾಗ ಕಾಲು ಬಿಡಿಸಿಕೊಳ್ಳಲಾಗದು. ಸಣ್ಣ ಹಿಮ್ಮಡಿಯ, ನುಣುಪು ಅಡಿಯ ಶೂ ಇರಲಿ.

ಮಳೆಗಾಲದ ನಾಲ್ಕು ತಿಂಗಳಿಗೆ ಚಂದಾ ಕಟ್ಟಬೇಡಿ, ಅವರು ಕೇಳುತ್ತಾರೆ. ಪಾಚಿಗಟ್ಟಿದ ರಸ್ತೆಯಲ್ಲಿ ನಡಿಗೆಯೂ ಅಪಾಯ. ಆ ದುಡ್ಡಿಗೆ ಮಡಿಕೇರಿಯಿಂದ ಸುಮಾರು 120 ಕಿ.ಮೀ. ಇಳಿದು ಮೈಸೂರಿನಲ್ಲಿ ಮರಳು ಹಾಕಿದ ಅಂಗಳದಲ್ಲಿ ಪಾಠ ತೆಗೆದುಕೊಂಡರೆ ಕೂರುವ ಭಂಗಿ ಸುಧಾರಿಸುತ್ತದೆ, ಜನವರಿಯಲ್ಲಿ ಬೇಲಿಯೊಳಗಿನ ಹದಿನೈದು ನಿಮಿಷವೂ ಐದಕ್ಕೆ ಇಳಿಯುತ್ತದೆ.

ಐದರಲ್ಲಿ ಮೂರೂವರೆ. ಹಗ್ಗ ಬಿಚ್ಚುವ ಷರತ್ತನ್ನು ಬೋರ್ಡಿನಲ್ಲಿ ಬರೆದು, ರಿಕಾಪಿನ ಪಟ್ಟಿ ಬದಲಿಸಿದರೆ ನಾಲ್ಕೂವರೆ ಕೊಡಲು ಅಡ್ಡಿಯಿಲ್ಲ.