ಕಾರ್ಬೈಡ್, ಬೌಲ್ ಗೌಜ್, ಸ್ಕ್ರೇಪರ್: ಒಂದೇ ದಿಮ್ಮಿಗೆ ಮೂರೂ ಹಾಕಿ ನೋಡಿದ್ದು

ಲೇತಲ್ಲಿ, ಅಂದ್ರೆ ಮರ ತಿರುಗಿಸಿ ಕಡೆಯೋ ಯಂತ್ರದಲ್ಲಿ, ಮೊದಲನೇ ಮರದ ಬಟ್ಟಲು ಕಡೆದಾದ್ಮೇಲೆ ಸುಮಾರು ಜನಕ್ಕೆ ಬರೋ ಪ್ರಶ್ನೆ, ಕಾರ್ಬೈಡ್ ಉಳಿ ತಗೊಂಡು ಸುಮ್ನಿರೋದಾ ಇಲ್ಲ ಕಷ್ಟಪಟ್ಟು ಗೌಜ್ ಅಂದ್ರೆ ಉದ್ದಕ್ಕೂ ಕಾಲುವೆ ಇರೋ ಉಳಿ ಕಲಿಯೋದಾ ಅಂತ. ನಾನು ಎರಡು ವರ್ಷ ಬರೀ ಕಾರ್ಬೈಡಲ್ಲೇ ಕಡೆದು ಆಮೇಲೆ ಗೌಜಿಗೆ ಬಂದವನು, ನಡುನಡುವೆ ಗುಂಡು ಮೂತಿ ಸ್ಕ್ರೇಪರನ್ನೂ (ಮರ ಹೆರೆಯೋ ಚಪ್ಪಟೆ ಉಳಿ) ಬಿಟ್ಟಿಲ್ಲ. ಆದ್ರೆ ಒಂದು ಸಲ ಒಂದು ಮರ ಇನ್ನೊಂದು ಸಲ ಇನ್ನೊಂದು ಮರ ಅಂದ್ರೆ ಯಾವ ಉಳಿ ಏನು ಮಾಡ್ತು ಅಂತ ಹೇಳಕ್ಕಾಗಲ್ಲ, ಅದಕ್ಕೇ ಈ ಸಲ ಚೆನ್ನಾಗಿ ಒಣಗಿದ ಒಂದೇ ಮಾವಿನ ದಿಮ್ಮಿಯಿಂದ ಪಕ್ಕಪಕ್ಕದಲ್ಲೇ ಮೂರು ತುಂಡು ತೆಗೆದು, ಮೂರನ್ನೂ 8 ಇಂಚು ಅಗಲ 3 ಇಂಚು ಎತ್ತರಕ್ಕೆ ತಂದು, ಒಂದೊಂದನ್ನ ಒಂದೊಂದೇ ಉಳಿಯಲ್ಲಿ ಮುಗಿಸಿದೆ. ಹೊರಮೈಗೆ ಮೂರಕ್ಕೂ ಒಂದೇ ಎಣ್ಣೆ, ಒಳಮೈಗೆ ಮಾತ್ರ ಬೇರೆ ಬೇರೆ ಫಿನಿಶ್.

ಸ್ಪೀಡ್ ಮೂರಕ್ಕೂ ಒಂದೇ ಇಟ್ಕೊಂಡಿದ್ದೆ. ಇಂಚಲ್ಲಿ ಅಗಲ ಇಂಟು ಆರ್‌ಪಿಎಂ 6000ದಿಂದ 9000 ಒಳಗೆ ಇರಬೇಕು ಅನ್ನೋ ಲೆಕ್ಕ ಇದೆಯಲ್ಲ, ಅದರ ಪ್ರಕಾರ 8 ಇಂಚಿಗೆ 750ರಿಂದ 1100 ಆಗುತ್ತೆ, ಆದ್ರೆ ತುಂಡು ಇನ್ನೂ ದುಂಡಗಾಗದೇ ಎತ್ತಿ ಹಾಕ್ತಾ ಇರೋವಾಗ 500 ದಾಟಿಸಲಿಲ್ಲ. ಮುಖಕ್ಕೆ ಫುಲ್ ಶೀಲ್ಡ್, ಮೂಗಿಗೆ ಡಸ್ಟ್ ಮಾಸ್ಕ್, ತೋಳು ಮಡಚಿದ ಅಂಗಿ, ಇದರಲ್ಲಿ ರಾಜಿ ಬೇಡ.

ಮೊದಲು ಕಾರ್ಬೈಡ್. ಇದು ಹಿಡಿದ ದಿನವೇ ಕೈಗೆ ಒಗ್ಗೋ ಉಳಿ, ಅದರಲ್ಲಿ ಎರಡು ಮಾತಿಲ್ಲ. ಚೌಕದ ಸರಳು, ತುದೀಲಿ ಸ್ಕ್ರೂ ಹಾಕಿ ಕೂರಿಸಿದ, ಕಾರ್ಬೈಡ್ ಅನ್ನೋ ಬಲು ಗಟ್ಟಿ ವಸ್ತುವಿನ ಪುಟ್ಟ ಬಿಲ್ಲೆ, ಅಷ್ಟೇ. ಸರಳನ್ನ ಟೂಲ್ ರೆಸ್ಟ್ (ಉಳಿಗೆ ಆಸರೆ ಕೊಡೋ ಪಟ್ಟಿ) ಮೇಲೆ ಮಟ್ಟವಾಗಿ ಮಲಗಿಸಿ, ಬಿಲ್ಲೆ ಅಂಚು ಸರಿಯಾಗಿ ಸೆಂಟರ್ ಅಂದ್ರೆ ಮರ ತಿರುಗೋ ನಡುಗೆರೆ ಎತ್ತರಕ್ಕೆ ಬರೋ ಹಾಗೆ ರೆಸ್ಟ್ ಏರಿಸಿ ಇಳಿಸಿ ಹೊಂದಿಸಿ, ನಿಧಾನಕ್ಕೆ ಮುಂದೆ ತಳ್ಳಿದ್ರೆ ಮರ ಹೋಗ್ತಾ ಇರುತ್ತೆ. ಬಿಲ್ಲೆ ಮೊಂಡಾದ್ರೆ ಸ್ಕ್ರೂ ಸಡಿಲ ಮಾಡಿ ತಿರುಗಿಸಿ ಬಿಗಿದ್ರೆ ಆಯ್ತು, ಚೌಕದ ಬಿಲ್ಲೆಗೆ ನಾಲ್ಕು ಅಂಚು ಸಿಗುತ್ತೆ. ಅದರ ಮೇಲ್ಮೈಯನ್ನ ಡೈಮಂಡ್ ಪ್ಲೇಟ್ ಮೇಲೆ ಚಪ್ಪಟೆಯಾಗಿ ಉಜ್ಜಿದ್ರೆ ಇನ್ನೂ ಸ್ವಲ್ಪ ದಿನ ಬರುತ್ತೆ. ಗ್ರೈಂಡರ್ ಇಲ್ಲ, ಸಾಣೆಗೆ ಉಳಿಯನ್ನ ಒಂದೇ ಆಂಗಲಲ್ಲಿ ಹಿಡಿಯೋ ಜಿಗ್ ಇಲ್ಲ, ಆಂಗಲ್ ತಲೆಬಿಸಿ ಇಲ್ಲ.

ತೊಂದರೆ ಏನಂದ್ರೆ ಕಾರ್ಬೈಡ್ ಮರವನ್ನ ಹೆರೆಯುತ್ತೆ, ಗೌಜ್ ಕೊಯ್ಯುತ್ತೆ. ಬಟ್ಟಲಲ್ಲಿ ನಾರು ಅಡ್ಡಡ್ಡ ಇರೋದ್ರಿಂದ ಒಂದೊಂದು ಸುತ್ತಿಗೂ ಎದುರುಬದುರು ಎರಡು ಜಾಗದಲ್ಲಿ ನಾರಿನ ತಲೆ, ಅಂದ್ರೆ ಅಡ್ಡ ಕತ್ತರಿಸಿದ ತುದಿ, ಉಳಿಗೆ ಸಿಗುತ್ತೆ, ಅಲ್ಲಿ ಹೆರೆದ್ರೆ ನಾರು ಕತ್ತರಿಸಲ್ಲ, ಬುಡದಿಂದ ಕಿತ್ತು ಬರುತ್ತೆ. ನನ್ನ ಮೊದಲನೇ ಬಟ್ಟಲು ತಿರುಗ್ತಾ ಇದ್ದಾಗ ನುಣ್ಣಗೆ ಹೊಳೀತಾ ಇರೋ ಹಾಗೇ ಕಾಣ್ತಿತ್ತು, ಲೇತ್ ನಿಲ್ಲಿಸಿ ಬೆರಳು ಆಡಿಸಿದ್ರೆ ಎರಡು ಕಡೆ ಹೆಬ್ಬೆರಳಗಲದ ಪಟ್ಟಿ ಬೆಕ್ಕಿನ ನಾಲಿಗೆ ಥರ ಒರಟು, ಬೆಳಕಿಗೆ ಅಡ್ಡ ಹಿಡಿದ್ರೆ ಸಣ್ಣ ಸಣ್ಣ ಗುಳಿ. ಕೊನೆ ಕೊನೆಗೆ ಎಷ್ಟು ತೆಳ್ಳಗೆ ತೆಗೆದ್ರೂ ಅದು ಪೂರ್ತಿ ಹೋಗಲಿಲ್ಲ, 80 ನಂಬರ್ ಸ್ಯಾಂಡ್‌ಪೇಪರಿಂದ ಶುರು ಮಾಡಬೇಕಾಯ್ತು, ಉಜ್ಜೋದಕ್ಕೇ ಅರ್ಧ ಗಂಟೆ ಮೇಲೆ ಹಿಡೀತು. ಅದೂ ಹುಷಾರಾಗಿ, ಯಾಕಂದ್ರೆ ಜೋರಾಗಿ ಒತ್ತಿ ಬಿಸಿ ಮಾಡಿದ್ರೆ ನಾರಿನ ತಲೆ ಇರೋ ಕಡೆ ಕೂದಲೆಳೆ ಬಿರುಕು ಬಿಡುತ್ತೆ.

ಗೌಜ್ ವಿಷ್ಯ ಪೂರಾ ಬೇರೆ. ನನ್ನದು ಅರ್ಧ ಇಂಚಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬೌಲ್ ಗೌಜ್, ಮೂತಿ 55 ಡಿಗ್ರಿ, ಎರಡೂ ರೆಕ್ಕೆ ಅಂದ್ರೆ ಮೂತಿಯ ಅಕ್ಕಪಕ್ಕದ ಅಂಚು ಹಿಂದಕ್ಕೆ ಸವರಿದ್ದು. ಇದರಲ್ಲಿ ಕ್ರಮ ತಪ್ಪಬಾರದು, ಮೊದಲು ಉಳಿ ರೆಸ್ಟಿಗೆ ತಾಗಬೇಕು, ಆಮೇಲೆ ಬೆವೆಲ್ ಅಂದ್ರೆ ಸಾಣೆ ಹಿಡಿದ ಇಳಿಜಾರು ಮರದ ಮೈಗೆ ತಾಗಬೇಕು, ಆಮೇಲೆ ಹಿಡಿ ಸ್ವಲ್ಪ ಎತ್ತಿದಾಗ ಅಂಚು ಕೊಯ್ಯಕ್ಕೆ ಶುರು ಆಗ್ಬೇಕು. ಗೌಜಿನ ಕಾಲುವೆಯನ್ನ ಆಕಾಶ ನೋಡೋ ಹಾಗೆ ಹಿಡಿದು ರೆಕ್ಕೆಗೆ ಮರ ತಾಗಿಸಿದ್ರೆ ಮುಗೀತು, ಮರ ಉಳಿಯನ್ನ ಕಚ್ಕೊಂಡು ಕೆಳಗೆ ಎಳೆಯುತ್ತೆ. ನನಗೆ ಮೊದಲನೇ ತಿಂಗಳಲ್ಲಿ ಹಾಗೆ ಆಗಿ ಒಂದು ತುಂಡು ಅದನ್ನ ಲೇತಿಗೆ ಕಚ್ಚಿ ಹಿಡಿದಿದ್ದ ಚಕ್ಕಿಂದ ಕಿತ್ಕೊಂಡು ಗೋಡೆಗೆ ಬಡೀತು, ಅವತ್ತು ಶೀಲ್ಡ್ ಹಾಕಿದ್ದೆ, ಎದುರಿಗೆ ನಿಲ್ಲದೇ ಪಕ್ಕಕ್ಕೆ ನಿಂತಿದ್ದೆ, ಅದಕ್ಕೇ ಏನೂ ಆಗಲಿಲ್ಲ.

ಇನ್ನೂ ಕಷ್ಟದ ಜಾಗ ಅಂದ್ರೆ ಬಟ್ಟಲಿನ ಬಾಯಂಚು. ಒಳಗಿಂದ ತೆಗೆಯಕ್ಕೆ ಶುರು ಮಾಡೋವಾಗ ಬೆವೆಲ್ ಒರಗಕ್ಕೆ ಮೈಯೇ ಇರಲ್ಲ, ಹಾಗಾಗಿ ಉಳಿ ಜಾರಿ ಹೊರಗೆ ಓಡುತ್ತೆ, ಬಾಯಂಚಿನ ಮೇಲೆ ಸುರುಳಿ ಗೀರು ಬೀಳುತ್ತೆ. ಕಾಲುವೆಯನ್ನ ಗಡಿಯಾರದ 3 ಗಂಟೆ ಕಡೆ ಮುಖ ಮಾಡಿಸಿ, ಮೂತಿಯನ್ನ ನೆಟ್ಟಗೆ ಒಳಕ್ಕೆ ನಿಧಾನವಾಗಿ ತೂರಿಸಿ, ಒಂದು ಸಣ್ಣ ಮೆಟ್ಟಿಲು ಸಿಕ್ಕಿದ್ಮೇಲೆ ಬೆವೆಲ್ ಒರಗಿಸಿ ಹೊರಳಿಸಿದ್ರೆ ಸರಿ ಬರುತ್ತೆ. ಇದೊಂದು ಕೈಗೆ ಹತ್ತಕ್ಕೆ ನನಗೆ ಹತ್ತು ಹನ್ನೆರಡು ಬಟ್ಟಲು ಬೇಕಾಯ್ತು. ದಿಕ್ಕೂ ಮುಖ್ಯ, ಹೊರಮೈ ಕಡೆಯೋವಾಗ ಬುಡದಿಂದ ಬಾಯಿ ಕಡೆಗೆ, ಒಳಮೈ ಕಡೆಯೋವಾಗ ಬಾಯಿಂದ ನಡುವಿಗೆ, ಆಗ ಕೊಯ್ತಾ ಇರೋ ನಾರಿಗೆ ಹಿಂದಿನ ನಾರು ಆಸರೆ ಇರುತ್ತೆ.

ಸರಿ ಬಂದಾಗ ಸಿಗೋ ಸುಖ ಬೇರೇನೇ. ಕಾರ್ಬೈಡಲ್ಲಿ ಪುಡಿ ಹಾರಿದ್ರೆ ಗೌಜಲ್ಲಿ ಉದ್ದುದ್ದ ಸುರುಳಿ ಭುಜದ ಮೇಲಿಂದ ಹರ್ಕೊಂಡು ಹೋಗುತ್ತೆ, ಸದ್ದು ಕರಕರ ಇದ್ದಿದ್ದು ಸುಯ್ ಅಂತ ಆಗುತ್ತೆ, ಆ ಸದ್ದಲ್ಲೇ ಗೊತ್ತಾಗುತ್ತೆ ಅಂಚು ಚೂಪಿದೆಯಾ ಇಲ್ವಾ ಅಂತ. ಎರಡನೇ ಬಟ್ಟಲಿನ ನಾರಿನ ತಲೆ ಜಾಗ ಬೆರಳಿಗೆ ಬೇರೆ ಅಂತ ಗೊತ್ತೇ ಆಗಲಿಲ್ಲ. 180ರಿಂದ ಉಜ್ಜಕ್ಕೆ ಶುರು ಮಾಡಿ 240, 320, 400, ಹತ್ತು ಹನ್ನೆರಡು ನಿಮಿಷದಲ್ಲಿ ಮುಗೀತು. ಕಾರ್ಬೈಡಲ್ಲಿ ಕಡೆಯೋವಾಗ ಉಳಿಸಿದ ಟೈಮೆಲ್ಲಾ ಸ್ಯಾಂಡ್‌ಪೇಪರಲ್ಲಿ ಕಳ್ಕೊಂಡಿದ್ದೆ, ಜೊತೆಗೆ ಅಷ್ಟೂ ಧೂಳು ಕುಡಿಯೋದು.

ಗೌಜಿನ ಕೂಲಿ ಅಂದ್ರೆ ಸಾಣೆ. ಈ ಬಟ್ಟಲಿಗೆ ನಾಲ್ಕು ಸಲ ಗ್ರೈಂಡರಿಗೆ ಹೋದೆ. ಜಿಗ್ ಇಲ್ದೇ ಬರೀ ಕೈಯಲ್ಲಿ ಹಿಡಿದ್ರೆ ಒಂದೊಂದು ಸಲ ಒಂದೊಂದು ಆಂಗಲ್ ಬಂದು ಉಳಿ ಕರಗ್ತಾ ಹೋಗುತ್ತೆ, ಅದಕ್ಕೆ ಜಿಗ್‌ನಿಂದ ಮೂತಿ ಎಷ್ಟು ಮುಂದೆ ಬರಬೇಕು ಅನ್ನೋದಕ್ಕೆ ಒಂದು ಮರದ ತುಂಡು ಅಳತೆಗೆ ಅಂತ ಮೊಳೆ ಹೊಡೆದು ಇಟ್ಕೊಂಡಿದೀನಿ. ಹಳೇ ಕಾರ್ಬನ್ ಸ್ಟೀಲ್ ಉಳಿ ಗ್ರೈಂಡರಲ್ಲಿ ನೀಲಿ ಆದ್ರೆ ಅದರ ಗಟ್ಟಿತನ ಹೋಯ್ತು ಅಂತ ಅರ್ಥ, ಎಚ್‌ಎಸ್‌ಎಸ್‌ಗೆ ಆ ಭಯ ಇಲ್ಲ, ಆದ್ರೆ ಅದು ಕಾದಾಗ ನೀರಲ್ಲಿ ಅದ್ದಬೇಡಿ, ಅಂಚಲ್ಲಿ ಕಣ್ಣಿಗೆ ಕಾಣದ ಬಿರುಕು ಬರಬಹುದು, ಹಾಗೇ ಆರಕ್ಕೆ ಬಿಡಿ.

ಸ್ಕ್ರೇಪರ್ ಬಗ್ಗೆ ಜಾಸ್ತಿ ಇಲ್ಲ. ಒಂದಿಡೀ ಬಟ್ಟಲನ್ನ ಅದರಲ್ಲೇ ಕಡೆಯೋದು ವ್ಯರ್ಥ ಶ್ರಮ, ಬಟ್ಟಲ ಗೋಡೆ ತೆಳ್ಳಗಾಗ್ತಾ ಬಂದ ಹಾಗೆ ನಡುಗಿ ಕಿರುಚುತ್ತೆ, ಮೂರನೇ ಬಟ್ಟಲನ್ನ 10 ಮಿಲಿಮೀಟರಿಗಿಂತ ತೆಳ್ಳಗೆ ಮಾಡೋ ಧೈರ್ಯ ಬರಲಿಲ್ಲ. ಆದ್ರೆ ಕೊನೇ ಎರಡು ಎಳೆತಕ್ಕೆ ಬಹಳ ಒಳ್ಳೇದು. ಕೊಯ್ಯೋದು ಅದರ ಅಂಚಲ್ಲ, ಗ್ರೈಂಡರ್ ಬಿಟ್ಟ ಬರ್, ಬೆರಳುಗುರಿಗೆ ತಡೆಯೋ ಆ ಸಣ್ಣ ಕೊಂಕು. ಅದು ಕೆಲವೇ ನಿಮಿಷ ಇರುತ್ತೆ. ಹೊರಮೈ ಮೇಲೆ ಸ್ಕ್ರೇಪರನ್ನ 45 ಡಿಗ್ರಿ ಓರೆ ಮಾಡಿ ಹಗುರಕ್ಕೆ ಸವರಿದ್ರೆ ಹತ್ತಿಯಂಥ ಸಣ್ಣ ಎಳೆ ಬರುತ್ತೆ, ಗೌಜ್ ಬಿಟ್ಟ ಅಲೆಗಳು ಮಾಯ.

ಇನ್ನು ಫಿನಿಶ್. ಹೊರಮೈಗೆ ಮೂರಕ್ಕೂ ಬಾಯ್ಲ್ಡ್ ಲಿನ್‌ಸೀಡ್ ಅಂದ್ರೆ ಅಗಸೆ ಎಣ್ಣೆ ಹಾಕಿದೆ (ಹೆಸರಿಗೆ ಬಾಯ್ಲ್ಡ್, ಸಾಮಾನ್ಯವಾಗಿ ಬೇಗ ಒಣಗಕ್ಕೆ ಲೋಹದ ಡ್ರೈಯರ್ ಬೆರೆಸಿರ್ತಾರೆ). ಉಳಿಗಳ ನಿಜ ಗೊತ್ತಾಗಿದ್ದು ಇಲ್ಲೇ. ಉಜ್ಜಿದ್ಮೇಲೆ ಮೂರೂ ಬಟ್ಟಲು ಕೈಗೆ ಒಂದೇ ಥರ ನುಣುಪು, ಎಣ್ಣೆ ಬಿದ್ದ ಎರಡು ನಿಮಿಷಕ್ಕೆ ಕಾರ್ಬೈಡ್ ಬಟ್ಟಲಲ್ಲಿ ಎದುರುಬದುರು ಎರಡು ಕಪ್ಪು ಮಚ್ಚೆ ಎದ್ದು ಬಂತು. ಕಿತ್ತ ನಾರಿನ ಆಳದಲ್ಲಿ ಉಳಿದಿದ್ದ ಗಾಯ ಜಾಸ್ತಿ ಎಣ್ಣೆ ಕುಡಿದಿತ್ತು. ಗೌಜಿನ ಬಟ್ಟಲಲ್ಲಿ ಆ ಜಾಗ ಒಂಚೂರು ಗಾಢ, ಅಷ್ಟೇ, ಮರದ ಬಣ್ಣ ಒಂದರೊಳಗೊಂದು ಕರಗಿದ ಹಾಗಿತ್ತು.

ಒಳಮೈಲಿ ಒಂದಕ್ಕೆ ಫ್ರಿಕ್ಷನ್ ಪಾಲಿಶ್ ಹಾಕಿದ್ದೆ, ಅಂದ್ರೆ ಸ್ಪಿರಿಟಲ್ಲಿ ಕರಗಿಸಿದ ಶೆಲ್ಯಾಕ್ (ಅರಗು) ಜೊತೆ ಸ್ವಲ್ಪ ಎಣ್ಣೆ. ತಿರುಗೋ ಮರಕ್ಕೆ ಒತ್ತಿ ಹಿಡಿದ್ರೆ ಆ ಬಿಸಿಗೆ ಅಲ್ಲೇ ಹೊಳಪು ಬರುತ್ತೆ, ಮೂರು ನಿಮಿಷದ ಕೆಲಸ. ಸಣ್ಣ ಬುಗುರಿ, ಹಿಡಿಗಳಿಗೆ ಇದಕ್ಕಿಂತ ಚೆಂದ ಯಾವುದೂ ಇಲ್ಲ. 8 ಇಂಚಿನ ಬಟ್ಟಲಲ್ಲಿ ಮಾತ್ರ ಬಾಯಂಚು ಜೋರಾಗಿ ಓಡುತ್ತೆ, ನಡುಭಾಗ ಓಡೋದೇ ಇಲ್ಲ, ಹಾಗಾಗಿ ಅಂಚಲ್ಲಿ ಕನ್ನಡಿ ನಡುವಲ್ಲಿ ಮಂಕು. ಒಂದು ರಾತ್ರಿ ಒದ್ದೆ ಲೋಟ ಇಟ್ಟು ನೋಡಿದೆ, ಬೆಳಿಗ್ಗೆ ಬಿಳಿ ಉಂಗುರ ಕೂತಿತ್ತು. ಪಾಲಿಶ್ ಹಚ್ಚಕ್ಕೆ ಬಟ್ಟೆ ಬೇಡ, ಪೇಪರ್ ಟವೆಲ್ ಬಳಸಿ, ಸಿಕ್ಕಾಕೊಂಡ್ರೆ ಪೇಪರ್ ಹರಿಯುತ್ತೆ, ಬಟ್ಟೆ ಬೆರಳನ್ನೂ ಎಳ್ಕೊಂಡು ಹೋಗುತ್ತೆ.

ಇನ್ನೊಂದಕ್ಕೆ ಮಿನರಲ್ ಆಯಿಲಲ್ಲಿ ಕರಗಿಸಿದ ಜೇನುಮೇಣ. ಹಚ್ಚೋದು ಸುಲಭ, ವಾಸನೆ ಚೆಂದ, ಆದ್ರೆ ಈ ಎಣ್ಣೆ ಯಾವತ್ತೂ ಒಣಗಲ್ಲ, ಮೇಣನೂ 60 ಡಿಗ್ರಿ ಚಿಲ್ಲರೆಗೇ ಕರಗುತ್ತೆ, ಎರಡು ಸಲ ತೊಳೆದ್ರೆ ಮತ್ತೆ ಹಚ್ಚಬೇಕು. ದಿನಾ ಬಳಸಿ ದಿನಾ ನೋಡ್ಕೊಳ್ಳೋರಿಗೆ ಸರಿ.

ಗೌಜಿನ ಬಟ್ಟಲಿಗೆ ಒಳಗೂ ಅಗಸೆ ಎಣ್ಣೇನೇ. ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಒರೆಸಿ, ಮಾರನೇ ದಿನ ಮತ್ತೆ, ಹೀಗೆ ನಾಲ್ಕು ಕೋಟು, ಆಮೇಲೆ ಮೂರು ವಾರ ಬಿಟ್ಟೆ. ನಿಧಾನ, ಆಮೇಲಾಮೇಲೆ ಹಳದಿಗೂ ತಿರುಗುತ್ತೆ, ಆದ್ರೆ ಲೋಟದ ಪರೀಕ್ಷೆಯಲ್ಲಿ ಸಿಕ್ಕ ಮಂಕು ಗುರುತು ಇನ್ನೊಂದು ಕೋಟಿಗೆ ಹೋಯ್ತು, ನನ್ನ ಓಟು ಇದಕ್ಕೇ. ಒರೆಸಿದ ಬಟ್ಟೆಯನ್ನ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಈ ಎಣ್ಣೆ ಗಟ್ಟಿಯಾಗೋವಾಗ ಶಾಖ ಬಿಡುತ್ತೆ, ಮುದ್ದೆಯೊಳಗೆ ಆ ಶಾಖ ಸೇರಿ ಬಟ್ಟೆ ತಾನಾಗೇ ಹೊತ್ಕೊಳ್ಳುತ್ತೆ. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಒಣಹಾಕಿ.

ಕಾರ್ಬೈಡ್ ಉಳಿ ಬಿಸಾಕಿಲ್ಲ. ಮುಚ್ಚಳ ಇರೋ ಡಬ್ಬಿಯ ಒಳಗಿನ ಮೂಲೆ ನೆಟ್ಟಗೆ ತೆಗೆಯಕ್ಕೆ, ರಾಳ ಸುರಿದ ತುಂಡಿಗೆ, ತೊಗಟೆ ಮರಳು ಮೆತ್ತಿದ ದಿಮ್ಮಿ ಹೊರಮೈ ಬಿಡಿಸಕ್ಕೆ ಈಗಲೂ ಅದೇ ಮೊದಲು ಕೈಗೆ ಬರೋದು. ಆ ಮಚ್ಚೆ ಬಟ್ಟಲಿನ ಬುಡದಲ್ಲಿ ಚಕ್ಕು ಕಚ್ಚಕ್ಕೆ ಅಂತ ಬಿಟ್ಟಿದ್ದ ಹಿಡಿತ ಇನ್ನೂ ಕತ್ತರಿಸಿರಲಿಲ್ಲ, ಹೋದ ವಾರ ಮತ್ತೆ ಚಕ್ಕಿಗೆ ಏರಿಸಿದೆ, ಸ್ವಲ್ಪ ಸೊಟ್ಟಗಾಗಿತ್ತು, ಆದ್ರೂ ಹೊಸದಾಗಿ ಸಾಣೆ ಹಿಡಿದ ಗೌಜಲ್ಲಿ ಬುಡದಿಂದ ಬಾಯಿಗೆ ತೆಳ್ಳಗೆ ಮೂರು ಎಳೆತ ಎಳೆದೆ. ಮೊದಲನೇದಕ್ಕೆ ಮಚ್ಚೆ ತಿಳಿಯಾಯ್ತು, ಎರಡನೇದಕ್ಕೆ ಒಂದು ಕಡೆ ಹೋಯ್ತು, ಮೂರನೇದಕ್ಕೆ ಇನ್ನೊಂದೂ ಹೋಯ್ತು. ಗೋಡೆ 8 ಮಿಲಿಮೀಟರಿಂದ 6ಕ್ಕೆ ಇಳಿದಿದೆ. ನಿನ್ನೆ ಮೊದಲನೇ ಕೋಟ್ ಎಣ್ಣೆ ಕೊಟ್ಟೆ.